ಮೂರನೆಯ ಅಭ್ಯರ್ಥಿಯ ಮತ ಯಾರ ಖಾತೆಗೆ?

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಕೈಗಾರಿಕಾ ವಸಾಹತೊಂದರ ಸಣ್ಣ ಉದ್ದಿಮೆದಾರರ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಚುನಾವಣಾಧಿಕಾರಿಯಾಗಿ ಕಾರ್ಯ ನಿರ್ವಹಿಸುವ ಸಂದರ್ಭ ನನಗೆ ಒದಗಿತ್ತು. ಸಂಘದ ಹೆಸರು ಇಲ್ಲಿ ಅಪ್ರಸ್ತುತ. ಚಲಾವಣೆಯಾದ ಮತಗಳು 112. ವಸಾಹತಿಗೆ ಸಾಮೂಹಿಕ ತ್ಯಾಜ್ಯನೀರು ಶುದ್ಧೀಕರಣ ಘಟಕ ಬೇಕು, ಅದಕ್ಕಾಗಿ ಪ್ರತಿಯೊಬ್ಬ ಸದಸ್ಯನೂ ವಂತಿಗೆ ಕೊಡಬೇಕು ಎಂದು ಇಬ್ಬರು ಅಭ್ಯರ್ಥಿಗಳು ಹೇಳುತ್ತಿದ್ದರು. ಅದರ ಅಗತ್ಯವಿಲ್ಲವೆಂದು ಮೂರನೆಯವರು. ಬೇಡವೆಂದವರಿಗೆ 43 ಮತ, ಬೇಕೆಂದ ಇಬ್ಬರಿಗೆ ಕ್ರಮವಾಗಿ 38 ಮತ್ತು 31. ಉಪವಿಧಿಯಲ್ಲಿ ‘ಅತಿ ಹೆಚ್ಚು ಮತ ಪಡೆದವರು’ ಎಂದಷ್ಟೇ ಇದ್ದುದರಿಂದ 43 ಮತ ಪಡೆದವರನ್ನು ಆಯ್ಕೆಯಾದವರೆಂದು ಘೋಷಿಸಿ ಸಹಿ ಹಾಕಿದೆ. 69 ಜನ ಬೇಕೆಂದ ಘಟಕ ಆ ಅವಧಿಯಲ್ಲಿ ಬರಲಿಲ್ಲ.

ಎಣಿಕೆಯಲ್ಲಿ ಒಂದು ಮತದಷ್ಟೂ ತಪ್ಪಿರಲಿಲ್ಲ. ಆದರೂ ಜಮೆ-ಖರ್ಚು ತಾಳೆಯಾಗಿದ್ದರೂ ವ್ಯವಹಾರದ ನಿಜಸ್ಥಿತಿಯನ್ನು ತೋರಿಸದ ಅಢಾವೆ ಪತ್ರಿಕೆಗೆ ಸಹಿ ಹಾಕಿದಂತಹ ಮುಜುಗರ ನನಗಾಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಮುಂದಿನ ಬೆಳವಣಿಗೆಯಿಂದ. 31 ಮತ ಪಡೆದಿದ್ದ ಉದ್ದಿಮೆದಾರರನ್ನು ‘ಮತ ಒಡೆದವರು’ ಎಂದು ಅವರ ಸಮಾನಮನಸ್ಕರೇ ದೂರಿದರು. ಸಂಘದಲ್ಲಿ ಎಲ್ಲರಿಗಿಂತ ಮೊದಲು ಘಟಕದ ಮಾತೆತ್ತಿದವರು ಅವರೇ. ಕ್ರಮೇಣ ಅವರು ಸಭೆಗಳಿಗೆ ಬರುವುದನ್ನೇ ನಿಲ್ಲಿಸಿದರು.

ಇಂತಹುದೇ ಆರೋಪವನ್ನು ಬಹು ದೊಡ್ಡ ಪ್ರಮಾಣದಲ್ಲಿ ಹೊತ್ತವರು ಅಮೆರಿಕದ ರಾಲ್ಫ್ ನೇಡರ್. ದೂರದ ಅಮೆರಿಕದ ಚುನಾವಣೆ ನಮ್ಮ ವರ್ತಕರಿಗೇಕೆ ಎಂದು ಕೇಳುವವರಿರಬಹುದು. 2025ರ ಆಗಸ್ಟ್‌ನಲ್ಲಿ ಆ ದೇಶವು ಅನೇಕ ಭಾರತೀಯ ಸರಕುಗಳ ಮೇಲೆ ಶೇ. 50ರಷ್ಟು ಸುಂಕ ವಿಧಿಸಿದಾಗ ಸಿದ್ಧ ಉಡುಪು, ಯಂತ್ರಭಾಗಗಳನ್ನು ರಫ್ತು ಮಾಡುವ ನಮ್ಮ ಬಂಧುಗಳು ಅನುಭವಿಸಿದ ಆತಂಕವನ್ನು ನೆನೆದರೆ, ಅಲ್ಲಿ ಯಾರು ಹೇಗೆ ಆಯ್ಕೆಯಾಗುತ್ತಾರೆಂಬುದು ನಮಗೂ ಸಂಬಂಧಪಟ್ಟ ವಿಷಯವೆಂದು ಒಪ್ಪಬೇಕಾಗುತ್ತದೆ.

537 ಮತಗಳ ಅಂತರ

ನೇಡರ್ ಅವರು ಕನೆಕ್ಟಿಕಟ್ ರಾಜ್ಯದ ವಿನ್‌ಸ್ಟೆಡ್ ಎಂಬ ಸಣ್ಣ ಪಟ್ಟಣದಲ್ಲಿ ಬೇಕರಿ ಮತ್ತು ಹೋಟೆಲು ನಡೆಸುತ್ತಿದ್ದ ಲೆಬನಾನ್ ಮೂಲದ ವ್ಯಾಪಾರಿಯ ಮಗ. ಮೋಟಾರು ವಾಹನಗಳ ಸುರಕ್ಷತೆಯ ಕುರಿತು 1965ರಲ್ಲಿ ಅವರು ಬರೆದ ಪುಸ್ತಕ ಕಾರು ತಯಾರಕರನ್ನು ನಡುಗಿಸಿತು. ಮರುವರ್ಷವೇ ಅಲ್ಲಿ ವಾಹನ ಸುರಕ್ಷತೆಯ ಕೇಂದ್ರೀಯ ಕಾನೂನು ಬಂದಿತು. ಗ್ರಾಹಕ ಹಿತರಕ್ಷಣೆಯ ಹೆಸರಿನಲ್ಲಿ ತಯಾರಕರಿಗೆ ತಲೆನೋವು ತಂದ ಈ ಮನುಷ್ಯನ ಬಗ್ಗೆ ನಮ್ಮ ಓದುಗರಲ್ಲಿ ಎಲ್ಲರಿಗೂ ಪ್ರೀತಿ ಇರಲಾರದು. ಅದಿರಲಿ.

2000ನೇ ಇಸವಿಯ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರು ಗ್ರೀನ್ ಪಕ್ಷದಿಂದ ಸ್ಪರ್ಧಿಸಿ ದೇಶಾದ್ಯಂತ ಸುಮಾರು 28.8 ಲಕ್ಷ ಮತ, ಅಂದರೆ ಶೇ. 2.7ರಷ್ಟು ಪಡೆದರು. ಫ್ಲಾರಿಡಾ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಅವರಿಗೆ 29,12,790, ಡೆಮಾಕ್ರಟಿಕ್ ಪಕ್ಷದ ಆಲ್ ಗೋರ್ ಅವರಿಗೆ 29,12,253 ಮತಗಳು ಬಂದವು. ಅಂತರ 537. ನೇಡರ್ ಅವರಿಗೆ ಅಲ್ಲಿ ಬಂದದ್ದು 97,488. ಆ ಒಂದು ರಾಜ್ಯದ 25 ಎಲೆಕ್ಟೋರಲ್ ಮತಗಳೂ ಬುಷ್ ಅವರಿಗೆ ಹೋಗಿ, 271–266ರ ಅಂತರದಲ್ಲಿ ಅವರು ಅಧ್ಯಕ್ಷರಾದರು. ದೇಶದ ಒಟ್ಟು ಜನಮತದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮುಂದಿದ್ದವರು ಗೋರ್.

ನೇಡರ್ ನಿಲ್ಲದಿದ್ದರೆ ಇರಾಕ್ ಯುದ್ಧವೇ ಆಗುತ್ತಿರಲಿಲ್ಲವೆಂದು ಹೇಳಿದವರೂ ಉಂಟು. ಆದರೆ ಲೆಕ್ಕ ಪರಿಶೋಧಿಸುವವನು ಒಂದೇ ಬಾಬತ್ತನ್ನು ನೋಡಿ ತೀರ್ಮಾನಕ್ಕೆ ಬರಬಾರದು. ಅಂದು ಫ್ಲಾರಿಡಾದ ಮತಪತ್ರದಲ್ಲಿ ಹತ್ತು ಅಭ್ಯರ್ಥಿಗಳಿದ್ದರು. ಕೊನೆಯ ಸ್ಥಾನದಲ್ಲಿದ್ದ ಸೋಷಲಿಸ್ಟ್ ವರ್ಕರ್ಸ್ ಪಕ್ಷದ ಜೇಮ್ಸ್ ಹ್ಯಾರಿಸ್ ಅವರಿಗೂ 562 ಮತ ಬಂದಿದ್ದವು. ಆ ಲೆಕ್ಕದಲ್ಲಿ ಅವರೂ ಅಪರಾಧಿಯೇ! ಪಾಮ್ ಬೀಚ್ ಜಿಲ್ಲೆಯಲ್ಲಿ ಹೆಸರುಗಳನ್ನು ಎರಡೂ ಪಕ್ಕಕ್ಕೆ ಮುದ್ರಿಸಿ ರಂಧ್ರಗಳನ್ನು ನಡುವೆ ಇರಿಸಿದ್ದ ಮತಪತ್ರದ ಗೊಂದಲದಿಂದಾಗಿ, ರಿಫಾರ್ಮ್ ಪಕ್ಷದ ಪ್ಯಾಟ್ ಬುಕ್ಯಾನನ್ ಅವರಿಗೆ ಅನಿರೀಕ್ಷಿತವಾಗಿ 3,407 ಮತಗಳು ಬಿದ್ದವು. ನಮೂನೆ ಸರಿಯಿಲ್ಲದಿದ್ದರೆ ಜನ ತಪ್ಪು ಅಂಕಣದಲ್ಲಿ ತುಂಬುತ್ತಾರೆಂಬುದನ್ನು ತೆರಿಗೆ ವಿವರಣಾಪಟ್ಟಿ ಸಲ್ಲಿಸುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೇಡರ್ ಮತದಾರರಲ್ಲಿ ಗೋರ್ ಅವರತ್ತ ಒಲವಿದ್ದವರು ಹೆಚ್ಚು ಎಂಬುದು ನಿಜ. ಆದರೆ ಬುಷ್ ಅವರನ್ನು ಮೆಚ್ಚುವವರೂ, ನೇಡರ್ ಇಲ್ಲದಿದ್ದರೆ ಮತಗಟ್ಟೆಗೇ ಬಾರದವರೂ ಅವರಲ್ಲಿದ್ದರು. ಯಾರ ಎರಡನೆಯ ಆಯ್ಕೆ ಯಾರಾಗಿತ್ತೆಂದು ತಿಳಿಯಲು ದಾಖಲೆಯೇ ಇಲ್ಲ, ಏಕೆಂದರೆ ಮತಪತ್ರ ಅದನ್ನು ಕೇಳಿಯೇ ಇರಲಿಲ್ಲ. ದೋಷವನ್ನು ಅಭ್ಯರ್ಥಿಯ ತಲೆಗೆ ಕಟ್ಟುವ ಮೊದಲು ಎಣಿಕೆಯ ಪದ್ಧತಿಯನ್ನು ಪರಿಶೀಲಿಸಬೇಕೆಂಬುದು ನನ್ನ ವಾದ.

ಎರಡೇ ಅಂಗಡಿಯ ಪೇಟೆ

ಅಧ್ಯಕ್ಷರಾಗಲು ಒಟ್ಟು 538 ಎಲೆಕ್ಟೋರಲ್ ಮತಗಳಲ್ಲಿ 270 ಬೇಕು. ಮೇನ್ ಮತ್ತು ನೆಬ್ರಾಸ್ಕ ಹೊರತು ಉಳಿದ 48 ರಾಜ್ಯಗಳಲ್ಲಿ ರಾಜ್ಯದಲ್ಲಿ ಒಂದೇ ಒಂದು ಮತ ಹೆಚ್ಚು ಪಡೆದವರಿಗೆ ಅಲ್ಲಿನ ಎಲ್ಲ ಎಲೆಕ್ಟೋರಲ್ ಮತಗಳೂ ಸಲ್ಲುತ್ತವೆ. ಒಂದು ಕ್ಷೇತ್ರಕ್ಕೆ ಒಬ್ಬನೇ ಪ್ರತಿನಿಧಿ, ಅತಿ ಹೆಚ್ಚು ಮತ ಪಡೆದವನೇ ವಿಜಯಿ ಎಂಬ ನಿಯಮವಿದ್ದಲ್ಲಿ ಕಾಲಕ್ರಮದಲ್ಲಿ ಎರಡೇ ಪಕ್ಷಗಳು ಉಳಿಯುವ ಪ್ರವೃತ್ತಿ ಇರುತ್ತದೆಂದು ಫ್ರೆಂಚ್ ವಿದ್ವಾಂಸ ಮಾರಿಸ್ ದ್ಯುವೆರ್ಜೆ 1951ರಲ್ಲಿ ವಿವರಿಸಿದರು. ಇದು ಎಲ್ಲೆಡೆಗೂ ಅನ್ವಯವಾಗುವ ಕಟ್ಟುನಿಟ್ಟಿನ ಸೂತ್ರವಲ್ಲ. ಪ್ರಾದೇಶಿಕ ಪಕ್ಷಗಳು ಬೇರೂರಿರುವ ನಮ್ಮ ದೇಶವೇ ಅದಕ್ಕೆ ಅಪವಾದ. ಆದರೆ ಅದರ ಒಳಮರ್ಮವನ್ನು ನಾನು ಆ ವಸಾಹತಿನಲ್ಲಿಯೇ ಕಂಡೆ. ಮುಂದಿನ ಚುನಾವಣೆಗೆ ಘಟಕದ ಪರವಾಗಿ ಒಬ್ಬರೇ ನಾಮಪತ್ರ ಸಲ್ಲಿಸಿದರು. ಮತ ವ್ಯರ್ಥವಾದೀತೆಂಬ ಭಯ ಒಂದೇ ಅನುಭವದಲ್ಲಿ ಎಲ್ಲರಿಗೂ ಪಾಠ ಕಲಿಸಿತ್ತು.

ಇದರ ಮೇಲೆ ಅಮೆರಿಕದಲ್ಲಿ ಇನ್ನೊಂದು ತೊಡಕಿದೆ. ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ಎರಡೇ ಮಂಡಿಗಳಿದ್ದು, ಹೊಸ ಮಂಡಿಗೆ ಪರವಾನಗಿ ಕೊಡುವ ನಿಯಮಗಳನ್ನೂ ಆ ಇಬ್ಬರೇ ಬರೆಯುವಂತಿದ್ದರೆ ಹೇಗಿದ್ದೀತೆಂದು ಕಲ್ಪಿಸಿಕೊಳ್ಳಿ. ಮತಪತ್ರದಲ್ಲಿ ಹೆಸರು ಸೇರಿಸುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸಾವಿರಾರು ಮತದಾರರ ಸಹಿ ಸಂಗ್ರಹಿಸಬೇಕು, ಅವು ಪರಿಶೀಲನೆಯಲ್ಲಿ ನಿಲ್ಲಬೇಕು, ಗಡುವು ಮೀರಬಾರದು. ಈ ನಿಯಮಗಳನ್ನು ಮಾಡುವ ಶಾಸನಸಭೆಗಳು ಬಹುತೇಕ ಎರಡು ಪಕ್ಷಗಳ ಕೈಯಲ್ಲಿಯೇ ಇವೆ. 2004ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ನೇಡರ್ ಅವರ ಸಹಿಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು; ಅವರ ಹೆಸರು ಮತಪತ್ರದಿಂದ ಹೊರಬಿದ್ದುದಲ್ಲದೆ, ಎದುರಾಳಿಗಳ ಖರ್ಚಿನ ಬಾಬ್ತು 80 ಸಾವಿರ ಡಾಲರ್‌ಗೂ ಹೆಚ್ಚು ಹಣ ತೆರಬೇಕೆಂಬ ಆದೇಶವೂ ಆಯಿತು. ಅಧ್ಯಕ್ಷೀಯ ಚರ್ಚೆಗಳನ್ನು ಬಹುಕಾಲ ನಡೆಸಿದ ಆಯೋಗವನ್ನು 1987ರಲ್ಲಿ ಹುಟ್ಟುಹಾಕಿದವರೂ ಎರಡು ಪಕ್ಷಗಳ ಮುಖಂಡರೇ. 2000ರಿಂದ ಅದು ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಶೇ. 15ರಷ್ಟು ಬೆಂಬಲವಿದ್ದವರಿಗಷ್ಟೇ ವೇದಿಕೆ ಎಂದಿತು. ವೇದಿಕೆ ಸಿಗದೆ ಬೆಂಬಲ ಬರುವುದಿಲ್ಲ, ಬೆಂಬಲವಿಲ್ಲದೆ ವೇದಿಕೆ ಸಿಗುವುದಿಲ್ಲ. ಆಸ್ತಿಯಿದ್ದವರಿಗೆ ಮಾತ್ರ ಸಾಲ ಕೊಡುವ ಬ್ಯಾಂಕುಗಳ ವರ್ತನೆ ನಮ್ಮ ಸಣ್ಣ ಉದ್ದಿಮೆದಾರರಿಗೆ ಹೊಸದೇನಲ್ಲ.

ಒಬ್ಬ ವರ್ತಕನ ಪ್ರಯೋಗ

ಈ ಬೇಲಿಯನ್ನು ಹಣಬಲದಿಂದ ದಾಟಲೆತ್ನಿಸಿದವರು ಟೆಕ್ಸಾಸ್‌ನ ಉದ್ಯಮಿ ರಾಸ್ ಪೆರೋ. ದತ್ತಾಂಶ ಸಂಸ್ಕರಣೆಯ ಕಂಪನಿಯನ್ನು 1962ರಲ್ಲಿ ಸ್ಥಾಪಿಸಿ ಅಪಾರ ಸಂಪತ್ತು ಗಳಿಸಿದ್ದ ಅವರು 1992ರಲ್ಲಿ ಪಕ್ಷೇತರರಾಗಿ ಕಣಕ್ಕಿಳಿದರು. ದೂರದರ್ಶನದಲ್ಲಿ ಅರ್ಧ ಗಂಟೆಯ ಅವಧಿಯನ್ನು ಸ್ವಂತ ಹಣದಿಂದ ಕೊಂಡು, ಕೈಯಲ್ಲಿ ಕೋಲು ಹಿಡಿದು, ನಕ್ಷೆಗಳ ಮೂಲಕ ಸರ್ಕಾರದ ಆಯವ್ಯಯದ ಕೊರತೆಯನ್ನು ಜನರಿಗೆ ವಿವರಿಸಿದರು. ಆಗ ವಾರ್ಷಿಕ ಕೊರತೆ ಸುಮಾರು 290 ಶತಕೋಟಿ ಡಾಲರ್ ಇತ್ತು. ವಾಣಿಜ್ಯ ಪದವಿಯ ತರಗತಿಯಂತಹ ಆ ಕಾರ್ಯಕ್ರಮಗಳನ್ನು ಕೋಟ್ಯಂತರ ಜನ ಕುಳಿತು ನೋಡಿದರೆಂಬುದು ನನ್ನಂತಹ ವೃತ್ತಿಯವನಿಗೆ ಇಂದಿಗೂ ಸೋಜಿಗ.

ಜುಲೈನಲ್ಲಿ ಕಣದಿಂದ ಹಿಂದೆ ಸರಿದು ಅಕ್ಟೋಬರಿನಲ್ಲಿ ಮರಳಿದ ಚಂಚಲತೆಯ ನಡುವೆಯೂ ಅವರಿಗೆ ಶೇ. 18.9ರಷ್ಟು, ಸುಮಾರು 1.97 ಕೋಟಿ ಮತಗಳು ಬಂದವು. ಎಲೆಕ್ಟೋರಲ್ ಮತ ಮಾತ್ರ ಸೊನ್ನೆ. ಶೇ. 43ರಷ್ಟು ಮತ ಪಡೆದ ಬಿಲ್ ಕ್ಲಿಂಟನ್ ಅಧ್ಯಕ್ಷರಾದರು. ಇದಕ್ಕೆ ಹೋಲಿಸಿ ನೋಡಬೇಕಾದದ್ದು 1968ರ ಜಾರ್ಜ್ ವಾಲೆಸ್ ಅವರ ಲೆಕ್ಕ: ಶೇ. 13.5ರಷ್ಟು ಮತಕ್ಕೆ 46 ಎಲೆಕ್ಟೋರಲ್ ಮತಗಳು. ವರ್ಣಭೇದವನ್ನು ಸಮರ್ಥಿಸಿದ ವಾಲೆಸ್ ಅವರ ಬೆಂಬಲ ದಕ್ಷಿಣದ ಕೆಲವು ರಾಜ್ಯಗಳಲ್ಲಿ ದಟ್ಟವಾಗಿತ್ತು. ಕೊರತೆಯ ಲೆಕ್ಕ ಹೇಳಿದ ಪೆರೋ ಅವರ ಬೆಂಬಲ ದೇಶದ ತುಂಬ ತೆಳುವಾಗಿ ಹರಡಿತ್ತು. ಪ್ರಾದೇಶಿಕ ದ್ವೇಷಕ್ಕೆ ಬಡ್ಡಿ, ರಾಷ್ಟ್ರವ್ಯಾಪಿ ವಿಚಾರಕ್ಕೆ ದಂಡ ಎಂಬಂತಿದೆ ಈ ಪದ್ಧತಿ.

ಆದರೂ ಪೆರೋ ಅವರ ಶ್ರಮ ಪೂರ್ಣ ನಷ್ಟವೆಂದು ಬರೆದುಹಾಕುವಂತಿಲ್ಲ. ಕೊರತೆಯ ವಿಷಯವನ್ನು ಅನಂತರ ಎರಡು ಪಕ್ಷಗಳೂ ಅಲಕ್ಷಿಸಲಾಗಲಿಲ್ಲ. 1998ರಿಂದ 2001ರವರೆಗಿನ ನಾಲ್ಕು ಹಣಕಾಸು ವರ್ಷಗಳಲ್ಲಿ ಅಲ್ಲಿನ ಆಯವ್ಯಯ ಉಳಿಕೆ ತೋರಿಸಿತು. ಅದಕ್ಕೆ ಆರ್ಥಿಕ ಏಳಿಗೆಯೂ ಕಾರಣವಾದ್ದರಿಂದ ಶ್ರೇಯಸ್ಸನ್ನೆಲ್ಲ ಪೆರೋ ಅವರಿಗೆ ಕೊಡಲಾಗದು. ಇನ್ನೂ ಹಳೆಯ ನಿದರ್ಶನ ನನಗೆ ಹೆಚ್ಚು ಪ್ರಿಯವಾದುದು. ರೈತರ ಬೆಂಬಲದಿಂದ ಹುಟ್ಟಿದ ಪೀಪಲ್ಸ್ ಪಕ್ಷ 1892ರಲ್ಲಿ ಏರಿಕೆಯ ದರದ ಆದಾಯ ತೆರಿಗೆ ಬೇಕೆಂದು ತನ್ನ ಪ್ರಣಾಳಿಕೆಯಲ್ಲಿ ಸೇರಿಸಿತು. 1894ರಲ್ಲಿ ಬಂದ ತೆರಿಗೆಯನ್ನು ಮರುವರ್ಷ ಸುಪ್ರೀಂ ಕೋರ್ಟು ರದ್ದುಮಾಡಿತು. ಕೊನೆಗೆ 1913ರಲ್ಲಿ ಸಂವಿಧಾನದ 16ನೇ ತಿದ್ದುಪಡಿಯ ಮೂಲಕ ಅದು ಸ್ಥಿರವಾಯಿತು. ಅಷ್ಟರಲ್ಲಿ ಪ್ರಣಾಳಿಕೆ ಬರೆದ ಪಕ್ಷವೇ ಇರಲಿಲ್ಲ. ಅಮೆರಿಕದ ನನ್ನ ವೃತ್ತಿಬಾಂಧವರು ಆ ಅಳಿದ ಪಕ್ಷಕ್ಕೆ ಋಣಿಗಳು. ತೆರಿಗೆ ಕಟ್ಟುವ ವರ್ತಕರು ಹಾಗೆ ಭಾವಿಸಬೇಕಾಗಿಲ್ಲ!

ನಮಗೆ ಹೊಸದಲ್ಲದ ವಿಧಾನ

ಹಾಗಾದರೆ ಪರಿಹಾರವೇನು? ಅಮೆರಿಕದಲ್ಲಿ ಹೆಚ್ಚು ಚರ್ಚೆಯಲ್ಲಿರುವುದು ‘ರ್‍ಯಾಂಕ್ಡ್ ಚಾಯ್ಸ್ ವೋಟಿಂಗ್’. ಹೆಸರು ವಿದೇಶೀಯವೆನಿಸಿದರೂ ವಿಧಾನ ನಮ್ಮಲ್ಲಿ ಚಿರಪರಿಚಿತವಾದ ಪ್ರಾಶಸ್ತ್ಯ ಮತವೇ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದ ಓದುಗರಿಗೆ ನೇರಳೆ ಬಣ್ಣದ ಪೆನ್ನಿನಿಂದ ಹೆಸರುಗಳ ಎದುರು 1, 2, 3 ಎಂದು ಬರೆದ ನೆನಪಿರಬೇಕು. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಪರಿಷತ್ತಿಗೆ ನಾವು ಪ್ರತಿನಿಧಿಗಳನ್ನು ಆರಿಸುವುದೂ ವರ್ಗಾಯಿಸಬಹುದಾದ ಏಕಮತ ಪದ್ಧತಿಯಿಂದಲೇ. ಒಂದೇ ಸ್ಥಾನವಿದ್ದಾಗ, ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಎರಡನೆಯ ಪ್ರಾಶಸ್ತ್ಯದಂತೆ ಉಳಿದವರಿಗೆ ವರ್ಗಾಯಿಸಲಾಗುತ್ತದೆ.

ಇದರ ಮಹತ್ವವನ್ನು ದೇಶವೇ ಕಂಡದ್ದು 1969ರ ರಾಷ್ಟ್ರಪತಿ ಚುನಾವಣೆಯಲ್ಲಿ. ಮೊದಲ ಪ್ರಾಶಸ್ತ್ಯದಲ್ಲಿ ವಿ.ವಿ. ಗಿರಿ ಅವರಿಗೆ 4,01,515, ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಅವರಿಗೆ 3,13,548, ಸಿ.ಡಿ. ದೇಶಮುಖ್ ಅವರಿಗೆ 1,12,769 ಮತಮೌಲ್ಯ ಬಂದಿತ್ತು. ಅಗತ್ಯ ಸಂಖ್ಯೆಯನ್ನು ಯಾರೂ ಮುಟ್ಟಿರಲಿಲ್ಲ. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಮ್ಮ ಎಸ್. ನಿಜಲಿಂಗಪ್ಪನವರು ದೇಶಮುಖ್ ಅವರನ್ನು ಬೆಂಬಲಿಸಿದ್ದ ಸ್ವತಂತ್ರ ಪಕ್ಷ ಮತ್ತು ಜನಸಂಘದ ಎರಡನೆಯ ಪ್ರಾಶಸ್ತ್ಯಕ್ಕಾಗಿ ಮಾತುಕತೆ ನಡೆಸಿದ್ದುದೇ ದೊಡ್ಡ ವಿವಾದವಾಗಿತ್ತು. ಆ ಮತಗಳಲ್ಲಿ ಬಹುಪಾಲು ರೆಡ್ಡಿ ಅವರಿಗೆ ಬಂದರೂ ಸಾಲದೆ, 4,20,077ಕ್ಕೆ ಎದುರಾಗಿ 4,05,427ರಲ್ಲಿ ಅವರು ಸೋತರು. ಇಲ್ಲಿ ದೇಶಮುಖ್ ಅವರನ್ನು ಮತ ಒಡೆದವರೆಂದು ಯಾರೂ ದೂರಬೇಕಾಗಲಿಲ್ಲ. ಅವರ ಬೆಂಬಲಿಗರ ಎರಡನೆಯ ಆಯ್ಕೆ ಕಾಗದದ ಮೇಲೆ ಲಿಖಿತವಾಗಿತ್ತು.

ಮೇನ್, ಅಲಾಸ್ಕ ಮತ್ತು ಅನಂತರ

ಮೇನ್ ರಾಜ್ಯದಲ್ಲಿ 2010ರ ಗವರ್ನರ್ ಚುನಾವಣೆ ನಮ್ಮ ವಸಾಹತಿನ ಚುನಾವಣೆಯನ್ನೇ ಹೋಲುತ್ತದೆ. ರಿಪಬ್ಲಿಕನ್ ಪಾಲ್ ಲಪಾಜ್ ಅವರು ಶೇ. 38ಕ್ಕೂ ಕಡಿಮೆ ಮತದಲ್ಲಿ ಗೆದ್ದರು. ಪಕ್ಷೇತರ ಎಲಿಯಟ್ ಕಟ್ಲರ್ ಅವರಿಗೆ ಸುಮಾರು ಶೇ. 36, ಡೆಮಾಕ್ರಟಿಕ್ ಅಭ್ಯರ್ಥಿಗೆ ಸುಮಾರು ಶೇ. 19. ಗಮನಿಸಿ: ಇಲ್ಲಿ ಮತ ಒಡೆದವರು ಯಾರು? ಪಕ್ಷೇತರರೋ, ದೊಡ್ಡ ಪಕ್ಷದವರೋ? ಈ ಅಸಮಾಧಾನ ಬೆಳೆದು 2016ರ ಜನಮತಗಣನೆಯಲ್ಲಿ ಪ್ರಾಶಸ್ತ್ಯ ಮತಕ್ಕೆ ಒಪ್ಪಿಗೆ ದೊರೆಯಿತು. ಆದರೆ ರಾಜ್ಯ ಸಂವಿಧಾನದಲ್ಲಿ ಗವರ್ನರ್ ಆಯ್ಕೆಗೆ ಅತಿ ಹೆಚ್ಚು ಮತವೇ ಆಧಾರವೆಂದಿರುವುದನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಎತ್ತಿ ತೋರಿಸಿತು. ಪರಿಣಾಮವಾಗಿ, ಯಾವ ಹುದ್ದೆಯ ಸಲುವಾಗಿ ಚಳವಳಿ ಹುಟ್ಟಿತೋ ಆ ಹುದ್ದೆಯ ಅಂತಿಮ ಚುನಾವಣೆಗೇ ಹೊಸ ಪದ್ಧತಿ ಅನ್ವಯವಾಗದೆ, ಕೇಂದ್ರ ಸಂಸತ್ತಿನ ಚುನಾವಣೆಗಳಿಗೆ ಮತ್ತು ಪಕ್ಷಗಳ ಒಳಚುನಾವಣೆಗಳಿಗೆ ಸೀಮಿತವಾಯಿತು. 2018ರಲ್ಲಿ ಅಲ್ಲಿನ ಎರಡನೆಯ ಕ್ಷೇತ್ರದಲ್ಲಿ ಮೊದಲ ಎಣಿಕೆಯಲ್ಲಿ ಮುಂದಿದ್ದ ಬ್ರೂಸ್ ಪಾಲಿಕ್ವಿನ್ ಅವರನ್ನು ಇಬ್ಬರು ಪಕ್ಷೇತರರ ಮತಗಳ ವರ್ಗಾವಣೆಯ ನಂತರ ಜೇರೆಡ್ ಗೋಲ್ಡನ್ ಹಿಂದೆ ಹಾಕಿದರು.

ಸುಧಾರಣೆಯ ಪರ ವಾದಿಸುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅದು ಪ್ರಾಮಾಣಿಕ ಲೆಕ್ಕವಲ್ಲ. ಅಲಾಸ್ಕದಲ್ಲಿ 1973ರಿಂದ ಸಂಸತ್ ಸದಸ್ಯರಾಗಿದ್ದ ಡಾನ್ ಯಂಗ್ 2022ರಲ್ಲಿ ನಿಧನರಾದ ಮೇಲೆ ನಡೆದ ಉಪಚುನಾವಣೆಯಲ್ಲಿ ಪ್ರಾಶಸ್ತ್ಯ ಮತ ಮೊದಲ ಬಾರಿಗೆ ಬಳಕೆಯಾಯಿತು. ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೋಲ ಸುಮಾರು ಶೇ. 40, ರಿಪಬ್ಲಿಕನ್ನರಾದ ಸಾರಾ ಪೇಲಿನ್ ಶೇ. 31, ನಿಕ್ ಬೆಗಿಚ್ ಶೇ. 28ರಷ್ಟು ಪಡೆದರು. ಬೆಗಿಚ್ ಹೊರಬಿದ್ದರು. ಅವರ ಮತಪತ್ರಗಳಲ್ಲಿ ಅರ್ಧದಷ್ಟು ಮಾತ್ರ ಪೇಲಿನ್ ಅವರಿಗೆ ಹೋದವು. ಕಾಲು ಭಾಗಕ್ಕಿಂತ ಹೆಚ್ಚು ಪೆಲ್ಟೋಲ ಅವರಿಗೆ. ಐದನೆಯ ಒಂದು ಭಾಗದಷ್ಟರಲ್ಲಿ ಎರಡನೆಯ ಗುರುತೇ ಇರಲಿಲ್ಲ. ಪೆಲ್ಟೋಲ ಗೆದ್ದರು. ಆದರೆ ಮತಪತ್ರಗಳ ದಾಖಲೆಯನ್ನು ಪರಿಶೀಲಿಸಿದ ತಜ್ಞರು ಕಂಡದ್ದೇನೆಂದರೆ, ಬೆಗಿಚ್ ಅವರು ಉಳಿದಿಬ್ಬರಲ್ಲಿ ಯಾರೊಡನೆ ನೇರ ಸ್ಪರ್ಧೆಗಿಳಿದಿದ್ದರೂ ಗೆಲ್ಲುತ್ತಿದ್ದರು! ಎಲ್ಲರಿಗೂ ಎರಡನೆಯ ಆಯ್ಕೆಯಾಗಿದ್ದವರು ಮೊದಲ ಸುತ್ತಿನಲ್ಲಿಯೇ ಕಳಚಿಬಿದ್ದಿದ್ದರು. ಆ ಸ್ಪರ್ಧೆಯಲ್ಲಿ ಆಟ ಕೆಡಿಸಿದವರು ಯಾರೆಂದರೆ, ಎರಡನೆಯ ಸ್ಥಾನದಲ್ಲಿದ್ದ ಪೇಲಿನ್ ಎನ್ನಬೇಕಾಗುತ್ತದೆ. ಅಂದರೆ ರೋಗ ಪೂರ್ತಿ ಗುಣವಾಗಿಲ್ಲ. ನೇಡರ್ ಅವರಂತೆ ಶೇ. 2–3 ಪಡೆಯುವವರಿಂದಾಗುವ ತೊಂದರೆ ನೀಗಿದೆ, ಮೂವರು ಸಮಬಲರಿದ್ದಾಗಿನದು ಉಳಿದಿದೆ. ಹಳೆಯ ಪದ್ಧತಿಗಿಂತ ಇದು ಮೇಲೆಂದು ನನ್ನ ಅಭಿಪ್ರಾಯ, ಆದರೆ ಕೊಂಚ ಮಾತ್ರ ಮೇಲು.

2024ರ ನವೆಂಬರ್‌ನಲ್ಲಿ ಕೊಲರಾಡೊ, ಐಡಾಹೊ, ಆರೆಗಾನ್ ಮತ್ತು ನೆವಾಡ ರಾಜ್ಯಗಳ ಮತದಾರರು ಇಂತಹ ಪ್ರಸ್ತಾವಗಳನ್ನು ತಿರಸ್ಕರಿಸಿದರು. ಮಿಸೌರಿ ಅದನ್ನು ನಿಷೇಧಿಸಿತು. ರಾಜಧಾನಿ ವಾಷಿಂಗ್ಟನ್ ಒಪ್ಪಿತು. ಅಲಾಸ್ಕದಲ್ಲಿ ರದ್ದತಿಯ ಪ್ರಸ್ತಾವ ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಬಿದ್ದುಹೋಯಿತು. ನೆವಾಡದಲ್ಲಿ 2022ರಲ್ಲಿ ಗೆದ್ದಿದ್ದ ಪ್ರಸ್ತಾವ ಎರಡನೆಯ ಬಾರಿ ಸೋತದ್ದು ವಿಶೇಷ. ಎರಡು ಪಕ್ಷಗಳ ಮುಖಂಡರೂ ಅಲ್ಲಿ ಅದನ್ನು ವಿರೋಧಿಸಿದ್ದರು. ಪಕ್ಷಗಳ ಸ್ವಾರ್ಥವೊಂದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಫಲಿತಾಂಶ ತಡವಾಗುತ್ತದೆ, ಮತ ಹೇಗೆ ವರ್ಗವಾಯಿತೆಂದು ತಿಳಿಯುವುದಿಲ್ಲ ಎಂಬ ಸಾಮಾನ್ಯ ಮತದಾರನ ಶಂಕೆಯನ್ನು ಸುಧಾರಕರು ಗಂಭೀರವಾಗಿ ಪರಿಗಣಿಸಿದಂತೆ ತೋರುವುದಿಲ್ಲ. ಎಣಿಕೆ ಅರ್ಥವಾಗದವನಿಗೆ ಸೋಲು ಮೋಸದಂತೆ ಕಾಣುತ್ತದೆ. ಬಡ್ಡಿ ಲೆಕ್ಕ ತಿಳಿಯದ ಸಾಲಗಾರನ ಅನುಮಾನದಂತೆಯೇ ಇದು.

ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಆ ವಸಾಹತಿನ ಸಂಘದ ಉಪವಿಧಿಗೆ ಪ್ರಾಶಸ್ತ್ಯ ಮತದ ತಿದ್ದುಪಡಿಯ ಕರಡನ್ನು ಬರೆದುಕೊಟ್ಟವನು ನಾನೇ. ಸರ್ವಸದಸ್ಯರ ಸಭೆಯಲ್ಲಿ ಹಾಜರಿದ್ದ 95 ಜನರಲ್ಲಿ 61 ಮಂದಿ ಪರವಾಗಿ, 34 ಮಂದಿ ವಿರೋಧವಾಗಿ ಕೈಯೆತ್ತಿದರು. ಮೂರನೇ ಎರಡರಷ್ಟು ಬಹುಮತಕ್ಕೆ 64 ಬೇಕಿತ್ತು. ಸಭೆ ಮುಗಿದು ಕಾಫಿ ಕುಡಿಯುವಾಗ ವಿರೋಧಿಸಿದವರಲ್ಲಿ ಒಬ್ಬರು, ‘ಕೆಟ್ಟದ್ದೆಂದು ಅಲ್ಲ ಸ್ವಾಮಿ, ನೀವು ಹೇಳಿದ್ದು ನಮಗೆ ತಿಳಿಯಲಿಲ್ಲ’ ಎಂದರು. ಮುಂದಿನ ಸಭೆಗೆ ಕರಡಿನ ಬದಲು ಇಪ್ಪತ್ತು ಮಾದರಿ ಮತಪತ್ರಗಳನ್ನು ಒಯ್ದು, ಎಲ್ಲರೆದುರು ಎಣಿಸಿ ತೋರಿಸುವುದೆಂದು ನಿಶ್ಚಯಿಸಿದ್ದೇನೆ. 31 ಮತ ಪಡೆದಿದ್ದ ಆ ಸದಸ್ಯರಿಗೂ ಬರಲು ತಿಳಿಸಿದ್ದೇನೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ.